ಕಾರಣ ಕಾಣದ ದುರಸ್ತಿ: ಪಿಕಪ್ ಟ್ರಕ್ಕಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಬಗೆಗಿನ ಒಂದು ತಪ್ಪು ತಿಳಿವಳಿಕೆ

ಅಮೆರಿಕದ ಪಿಕಪ್ ಟ್ರಕ್ಕುಗಳಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಜಾರತೊಡಗಿದರೆ, ಅಂದರೆ ಎಂಜಿನ್ ಜೋರಾಗಿ ತಿರುಗಿದರೂ ಗಾಡಿ ಅದಕ್ಕೆ ತಕ್ಕ ವೇಗ ಹಿಡಿಯದಿದ್ದರೆ, ದೋಷ ಎಲ್ಲಿದೆಯೆಂದು ಹುಡುಕುತ್ತ ಕೂರುವುದು ಕಾಲಹರಣವೆಂದೂ, ಇಡೀ ಗೇರ್‌ಬಾಕ್ಸನ್ನು ಇಳಿಸಿ ಕಾರ್ಖಾನೆಯಲ್ಲಿ ಪುನರ್ನಿರ್ಮಾಣಗೊಂಡ ಇನ್ನೊಂದನ್ನು ಏರಿಸುವುದೇ ಜಾಣತನವೆಂದೂ ಹೇಳುವ ಅಭಿಪ್ರಾಯ ಅಲ್ಲಿನ ವರ್ಕ್‌ಶಾಪುಗಳಲ್ಲೂ ಗಾಡಿಯ ಮಾಲೀಕರಲ್ಲೂ ಬೇರೂರಿದೆ. ಗೇರ್‌ಬಾಕ್ಸಿನ ಹಿಂದೆ ಕೂತು ಎಂಜಿನ್ನಿನ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಬಗ್ಗೆಯೂ ಇದೇ ತೀರ್ಪು ಕೇಳಿಬರುತ್ತದೆ. ಕೂಲಿಯ ದರ ಹೆಚ್ಚಿರುವ ದೇಶದಲ್ಲಿ ಹುಡುಕಾಟದ ಗಂಟೆಗಳು ದುಬಾರಿ, ಕಾರ್ಖಾನೆಯಿಂದ ಬಂದ ಘಟಕಕ್ಕೆ ವಾರಂಟಿ ಉಂಟು, ಕಂಪ್ಯೂಟರು ಸೇರಿಕೊಂಡ ಮೇಲೆ ಈ ಯಂತ್ರ ಸಾಮಾನ್ಯ ಮೆಕ್ಯಾನಿಕ್ಕಿನ ಅಳವಿಗೆ ಮೀರಿದೆ ಎಂಬ ಮೂರು ಸಮರ್ಥನೆಗಳು ಈ ಅಭಿಪ್ರಾಯಕ್ಕೆ ಬೆಂಬಲವಾಗಿ ನಿಂತಿವೆ. ಮೂರರಲ್ಲೂ ಸ್ವಲ್ಪಸ್ವಲ್ಪ ಸತ್ಯವಿದ್ದರೂ ಮೂರೂ ಸೇರಿ ಒಂದು ದೊಡ್ಡ ತಪ್ಪಿಗೆ ಮರೆಯಾಗಿವೆ; ಏಕೆಂದರೆ ಸುಟ್ಟುಹೋದ ಕ್ಲಚ್ ಪ್ಲೇಟು ರೋಗದ ಪರಿಣಾಮವೇ ಹೊರತು ರೋಗವಲ್ಲ, ಕಾರಣವನ್ನು ಗುರುತಿಸದೆ ಪರಿಣಾಮವನ್ನು ಮಾತ್ರ ಹೊರಗೆಸೆಯುವ ಕೆಲಸಕ್ಕೆ ದುರಸ್ತಿಯೆಂಬ ಗೌರವ ಸಲ್ಲುವುದಿಲ್ಲ.

ಈ ವಾದವನ್ನು ಅರಿಯಲು ಯಂತ್ರದ ಒಳರಚನೆಯನ್ನು ಚುಟುಕಾಗಿ ತಿಳಿದಿರಬೇಕು. ಎಂಜಿನ್ನಿಗೆ ಅಂಟಿಕೊಂಡಿರುವ ಟಾರ್ಕ್ ಕನ್ವರ್ಟರ್ ಎಣ್ಣೆಯ ಹರಿವಿನ ಮೂಲಕ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುತ್ತದೆ. ಒಳಗಿರುವ ಪ್ಲಾನೆಟರಿ ಗೇರುಗಳು, ಅಂದರೆ ನಡುವಿನ ಒಂದು ಸೂರ್ಯಗೇರಿನ ಸುತ್ತ ತಿರುಗುವ ಚಿಕ್ಕ ಗೇರುಗಳು ಮತ್ತು ಅವನ್ನು ಹೊರಗಿನಿಂದ ಸುತ್ತುವರಿದ ಬಳೆಗೇರು, ಸದಾ ಪರಸ್ಪರ ಕಚ್ಚಿಕೊಂಡೇ ಇರುತ್ತವೆ. ಅವುಗಳಲ್ಲಿ ಯಾವುದನ್ನು ತಿರುಗಿಸಬೇಕು, ಯಾವುದನ್ನು ತಡೆದು ನಿಲ್ಲಿಸಬೇಕು ಎಂಬುದನ್ನು ಕ್ಲಚ್ ಪ್ಲೇಟುಗಳ ಕಟ್ಟುಗಳೂ, ಡ್ರಮ್ಮಿನ ಸುತ್ತ ಬಿಗಿಯುವ ಬ್ಯಾಂಡೆಂಬ ಉಕ್ಕಿನ ಪಟ್ಟಿಯೂ ನಿರ್ಧರಿಸುತ್ತವೆ. ಇವೆಲ್ಲವನ್ನೂ ಒತ್ತಿಹಿಡಿಯುವುದು ಪಂಪಿನಿಂದ ಬರುವ ಎಣ್ಣೆಯ ಒತ್ತಡ. ಆ ಒತ್ತಡವನ್ನು ಬೇಕಾದಲ್ಲಿಗೆ ಬೇಕಾದಷ್ಟು ಕಳಿಸುವುದು ಸಣ್ಣ ಕೊಳವೆಗಳೂ ಜಾರುವ ವಾಲ್ವುಗಳೂ ತುಂಬಿರುವ ವಾಲ್ವ್ ಬಾಡಿ. ಹೀಗಾಗಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಕ್ಲಚ್ಚು ತಾನಾಗಿ ಸಾಯುವುದು ಅಪರೂಪ. ಸಾಕಷ್ಟು ಒತ್ತಡ ಸಿಕ್ಕದೆ ಅದು ಜಾರುತ್ತದೆ, ಜಾರಿದಾಗ ಬಿಸಿಯೇರುತ್ತದೆ, ಬಿಸಿಯೇರಿದಾಗ ಸುಡುತ್ತದೆ. ಒತ್ತಡ ಏಕೆ ಕಡಿಮೆಯಾಯಿತು ಎಂಬ ಪ್ರಶ್ನೆಯನ್ನು ಕೇಳದವನು ಗೇರ್‌ಬಾಕ್ಸನ್ನು ಎಷ್ಟು ಸಲ ಬದಲಿಸಿದರೂ ಅದೇ ಪ್ರಶ್ನೆ ಗಾಡಿಯಲ್ಲೇ ಉಳಿದಿರುತ್ತದೆ.

ಪ್ರಚಲಿತ ಅಭಿಪ್ರಾಯದ ಮೊದಲ ದೋಷವೆಂದರೆ ಅದು ಗೇರ್‌ಬಾಕ್ಸನ್ನು ಬಿಡಿಸಲಾಗದ ಒಂದೇ ವಸ್ತುವೆಂದು ಭಾವಿಸಿ, ಅದು ಸ್ಪಷ್ಟವಾಗಿ ಕೊಡುವ ಸೂಚನೆಗಳನ್ನು ಕೇಳಿಸಿಕೊಳ್ಳದೆ ಹೋಗುವುದು. ಜನರಲ್ ಮೋಟರ್ಸ್ ಸಂಸ್ಥೆಯ ಟ್ರಕ್ಕುಗಳಲ್ಲಿ 1993ರಿಂದ ಬಳಕೆಗೆ ಬಂದ 4ಎಲ್60ಇ ಎಂಬ ನಾಲ್ಕು ಗೇರುಗಳ ಪೆಟ್ಟಿಗೆ ಇದಕ್ಕೆ ಒಳ್ಳೆಯ ನಿದರ್ಶನ. ಇದರಲ್ಲಿ ಎರಡನೆಯ ಮತ್ತು ನಾಲ್ಕನೆಯ ಗೇರುಗಳಿಗೆ ಒಂದೇ ಬ್ಯಾಂಡು ಕೆಲಸ ಮಾಡುತ್ತದೆ. ಮೂರನೆಯ ಮತ್ತು ನಾಲ್ಕನೆಯ ಗೇರುಗಳಿಗೆ ತ್ರೀ-ಫೋರ್ ಕ್ಲಚ್ಚೆಂಬ ಒಂದೇ ಕಟ್ಟು ಬೇಕು. ಸನ್ ಶೆಲ್ ಎಂಬ ತೆಳುವಾದ ಉಕ್ಕಿನ ಚಿಪ್ಪು ಎರಡನೆಯ, ನಾಲ್ಕನೆಯ ಮತ್ತು ರಿವರ್ಸ್ ಗೇರುಗಳಲ್ಲಿ ಹೊರೆ ಹೊರುತ್ತದೆ. ಆದ್ದರಿಂದ ಮೊದಲನೆಯ ಮತ್ತು ಎರಡನೆಯ ಗೇರು ಸರಿಯಿದ್ದು, ಮೂರನೆಯದಕ್ಕೆ ಹೋಗುವಾಗ ಎಂಜಿನ್ ಬರಿದೆ ಅಬ್ಬರಿಸಿದರೆ ಸಂಶಯ ತ್ರೀ-ಫೋರ್ ಕ್ಲಚ್ಚಿನ ಮೇಲೆ ಬೀಳಬೇಕು. ಎರಡನೆಯದೂ ನಾಲ್ಕನೆಯದೂ ಇಲ್ಲವಾಗಿ ರಿವರ್ಸ್ ಮಾತ್ರ ಗಟ್ಟಿಯಾಗಿದ್ದರೆ ಬ್ಯಾಂಡು ಅಥವಾ ಅದನ್ನು ಬಿಗಿಯುವ ಸರ್ವೊ ಪಿಸ್ಟನ್ನನ್ನು ನೋಡಬೇಕು. ಅವೆರಡರ ಜೊತೆಗೆ ರಿವರ್ಸೂ ಹೋಗಿ, ಮೊದಲನೆಯದು ಮತ್ತು ಮೂರನೆಯದು ಮಾತ್ರ ಉಳಿದಿದ್ದರೆ ಸನ್ ಶೆಲ್ಲಿನ ಹಲ್ಲುಗಳು ಕಿತ್ತುಹೋಗಿರುವ ಸಾಧ್ಯತೆಯೇ ಹೆಚ್ಚು. ಒಂದು ಸ್ಪ್ಯಾನರನ್ನೂ ಕೈಗೆತ್ತಿಕೊಳ್ಳುವ ಮೊದಲು, ರಸ್ತೆಯ ಮೇಲಿನ ಕೆಲವು ನಿಮಿಷಗಳ ಓಡಾಟ ಮತ್ತು ಒಂದು ಸಲ ಹಿಂದಕ್ಕೆ ಸರಿದು ನೋಡಿದ ಪರೀಕ್ಷೆ ಇಷ್ಟನ್ನು ತಿಳಿಸಿಕೊಡುವಾಗ, 'ಗೇರ್‌ಬಾಕ್ಸ್ ಹೋಯಿತು' ಎಂಬ ಒಂದೇ ವಾಕ್ಯದಲ್ಲಿ ಮೂರು ಬೇರೆಬೇರೆ ಕಾಯಿಲೆಗಳನ್ನು ಮುಳುಗಿಸುವುದು ಅರಿವಿನ ಕೊರತೆಯೇ ಹೊರತು ಅನುಭವದ ಮಾತಲ್ಲ.

ಎರಡನೆಯ ದೋಷ ಇನ್ನೂ ಗಂಭೀರವಾದದ್ದು. ಕಾರಣ ಎಷ್ಟೋ ಸಲ ಗೇರ್‌ಬಾಕ್ಸಿನ ಹೊರಗಿರುತ್ತದೆ, ಹೊರಗಿರುವ ಕಾರಣವನ್ನು ಒಳಗಿನ ಯಾವ ಹೊಸ ಭಾಗವೂ ಗುಣಪಡಿಸಲಾರದು. 1982ರಲ್ಲಿ ಬಂದ 700ಆರ್4 ಎಂಬ ಹಳೆಯ ಪೆಟ್ಟಿಗೆಯಲ್ಲಿ ಆಕ್ಸಿಲರೇಟರಿಗೂ ವಾಲ್ವ್ ಬಾಡಿಗೂ ನಡುವೆ ಟಿವಿ ಕೇಬಲ್ ಎಂಬ ಒಂದು ತಂತಿಯಿದೆ. ಚಾಲಕ ಎಷ್ಟು ಶಕ್ತಿ ಕೇಳುತ್ತಿದ್ದಾನೆಂದು ಎಣ್ಣೆಯ ವ್ಯವಸ್ಥೆಗೆ ತಿಳಿಸಿ, ಹೊರೆ ಹೆಚ್ಚಿದಂತೆ ಒತ್ತಡವನ್ನೂ ಹೆಚ್ಚಿಸುವುದು ಅದರ ಕೆಲಸ. ಕಾರ್ಬ್ಯುರೇಟರ್ ಬದಲಾಯಿಸಿದಾಗ ಈ ತಂತಿಯ ಎಳೆತ ತಪ್ಪಿದರೆ, ಅಥವಾ ಅದು ಸಡಿಲವಾಗಿ ಉಳಿದರೆ, ಎಂಜಿನ್ ಪೂರ್ತಿ ಬಲದಿಂದ ದುಡಿಯುವಾಗಲೂ ಕ್ಲಚ್ಚಿಗೆ ಸಿಕ್ಕುವುದು ನಿಧಾನ ಓಟಕ್ಕೆ ಸಾಕಾಗುವಷ್ಟೇ ಒತ್ತಡ. ಹೀಗೆ ಸುಟ್ಟ ಗೇರ್‌ಬಾಕ್ಸನ್ನು ತೆಗೆದು ಹೊಸದಾಗಿ ಕಟ್ಟಿದ್ದನ್ನು ಕೂರಿಸಿ, ಅದೇ ಸಡಿಲ ತಂತಿಯನ್ನು ಮತ್ತೆ ಸಿಕ್ಕಿಸಿದರೆ, ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ; ಆಗ ದೂರು ಪುನರ್ನಿರ್ಮಾಣ ಮಾಡಿದವನ ಮೇಲೆ ಬೀಳುತ್ತದೆಯೇ ಹೊರತು ತಂತಿಯ ಮೇಲಲ್ಲ.

ಇಂಥ ಹೊರಗಿನ ಕಾರಣಗಳು ಒಂದೆರಡಲ್ಲ. ಗೇರ್‌ಬಾಕ್ಸಿನ ಎಣ್ಣೆಯನ್ನು ತಂಪುಗೊಳಿಸುವ ಕೂಲರ್ ಬಹುತೇಕ ಟ್ರಕ್ಕುಗಳಲ್ಲಿ ರೇಡಿಯೇಟರಿನ ಒಂದು ಬದಿಯ ತೊಟ್ಟಿಯೊಳಗೇ ಇರುತ್ತದೆ. ಅದರ ಗೋಡೆ ಸೋರಿದರೆ ರೇಡಿಯೇಟರಿನ ಕೂಲಂಟ್ ಎಣ್ಣೆಗೆ ಬೆರೆತು ಗುಲಾಬಿ ಬಣ್ಣದ ಹಾಲಿನಂತಾಗುತ್ತದೆ, ಕ್ಲಚ್ ಪ್ಲೇಟಿನ ಹೊದಿಕೆಯನ್ನು ಹಿಡಿದಿರುವ ಅಂಟು ಸಡಿಲವಾಗುತ್ತದೆ. ಕೂಲರ್ ಸೋರದಿದ್ದರೂ, ಹಿಂದಿನ ಗೇರ್‌ಬಾಕ್ಸಿನಿಂದ ಬಂದ ಲೋಹದ ಪುಡಿ ಅದರ ಕೊಳವೆಗಳಲ್ಲಿ ಕಟ್ಟಿಕೊಂಡಿದ್ದರೆ ಹರಿವು ಕುಗ್ಗಿ, ಕೂಲರಿನಿಂದ ಮರಳುವ ಎಣ್ಣೆಯನ್ನೇ ನಂಬಿಕೊಂಡ ಬುಷ್ಷುಗಳೂ ಬೇರಿಂಗುಗಳೂ ಒಣಗುತ್ತವೆ. ನಾಲ್ಕು ಚಕ್ರ ಚಾಲನೆಯ ಗಾಡಿಗಳಲ್ಲಿ ಇನ್ನೊಂದು ಗುಪ್ತ ದಾರಿಯೂ ಇದೆ: ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವಿನ ಸೀಲು ಸವೆದರೆ ಗೇರ್‌ಬಾಕ್ಸಿನ ಎಣ್ಣೆ ನೆಲಕ್ಕೆ ಒಂದು ಹನಿಯೂ ಬೀಳದೆ ಪಕ್ಕದ ಪೆಟ್ಟಿಗೆಗೆ ಜಾರಿಹೋಗುತ್ತದೆ. ಒಂದರಲ್ಲಿ ಎಣ್ಣೆ ಕಡಿಮೆಯಾಗಿ ಕ್ಲಚ್ಚು ಜಾರುತ್ತದೆ, ಇನ್ನೊಂದರಲ್ಲಿ ಮಟ್ಟ ಮೀರಿ ತುಂಬುತ್ತದೆ. ಟ್ರಾನ್ಸ್‌ಫರ್ ಕೇಸಿನ ಎಣ್ಣೆ ತುಂಬುವ ಬಿರಡೆಯನ್ನು ಬಿಚ್ಚಿದಾಗ ಎಣ್ಣೆ ಉಕ್ಕಿ ಹರಿದರೆ ಕಾರಣ ಅಲ್ಲೇ ಕಾಣುತ್ತದೆ. ಆ ಬಿರಡೆಯನ್ನು ಮುಟ್ಟದವನಿಗೆ ಗೇರ್‌ಬಾಕ್ಸು ಸತ್ತಂತೆಯೇ ತೋರುತ್ತದೆ. ಸೀಲಿನ ದೋಷಕ್ಕೆ ಇಡೀ ಪೆಟ್ಟಿಗೆಯನ್ನು ಬದಲಿಸುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

ಕಂಪ್ಯೂಟರು ಬಂದ ಮೇಲೆ ದೋಷ ಹುಡುಕುವುದು ಕೈಮೀರಿದೆ ಎಂಬ ವಾದವಂತೂ ವಸ್ತುಸ್ಥಿತಿಗೆ ತೀರ ವಿರುದ್ಧವಾಗಿದೆ. ವಿದ್ಯುತ್ ನಿಯಂತ್ರಣ ಬಂದಿರುವುದರಿಂದ ಇಂದಿನ ಗೇರ್‌ಬಾಕ್ಸು ಹಿಂದಿನದಕ್ಕಿಂತ ಹೆಚ್ಚು ಮಾತಾಡುತ್ತದೆ. 4ಎಲ್60ಇಯಲ್ಲಿ ಎರಡು ಶಿಫ್ಟ್ ಸೊಲೆನಾಯ್ಡುಗಳು, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಪುಟ್ಟ ವಾಲ್ವುಗಳು, ತಮ್ಮ ನಾಲ್ಕು ಸ್ಥಿತಿಗಳ ಮೂಲಕ ನಾಲ್ಕು ಗೇರುಗಳನ್ನು ಕೊಡುತ್ತವೆ. ಎರಡಕ್ಕೂ ವಿದ್ಯುತ್ ಇಲ್ಲದ ಸ್ಥಿತಿಯೆಂದರೆ ಮೂರನೆಯ ಗೇರು. ಫ್ಯೂಸು ಹಾರಿದರೆ ಅಥವಾ ವೈರಿನ ಕನೆಕ್ಟರು ಸಡಿಲವಾದರೆ ಗಾಡಿ ಮೂರನೆಯ ಗೇರಿನಲ್ಲೇ ಹೊರಡುತ್ತದೆ, ಒತ್ತಡ ಗರಿಷ್ಠ ಮಟ್ಟಕ್ಕೇರುವುದರಿಂದ ಗೇರು ಬೀಳುವಾಗ ಧಡಕ್ಕೆಂದು ಬಡಿಯುತ್ತದೆ. ಇದು ಗೇರ್‌ಬಾಕ್ಸನ್ನು ಕಾಪಾಡಲೆಂದು ವಿನ್ಯಾಸಕಾರರು ಮೊದಲೇ ಮಾಡಿಟ್ಟ ಏರ್ಪಾಡು. ಮೊದಲೆರಡು ಗೇರು ಸುಟ್ಟುಹೋಗಿವೆಯೆಂದು ಇದನ್ನು ಓದುವವನು ಒಂದು ಫ್ಯೂಸಿನ ಬೆಲೆಗೆ ಮುಗಿಯುವ ಕೆಲಸಕ್ಕೆ ಒಂದು ಗೇರ್‌ಬಾಕ್ಸಿನ ಬೆಲೆ ತೆರುವಂತೆ ಮಾಡುತ್ತಾನೆ. 1990ರ ದಶಕದ ಡಾಡ್ಜ್ ರಾಮ್ ಟ್ರಕ್ಕುಗಳಲ್ಲಿಯೂ ಇದೇ ಪಾಠ ಸಿಗುತ್ತದೆ: ಗಾಡಿಯ ವೇಗಕ್ಕೆ ತಕ್ಕಂತೆ ಗೇರು ಬದಲಿಸಲು ನೆರವಾಗುವ ಗವರ್ನರ್ ಒತ್ತಡದ ಸೊಲೆನಾಯ್ಡು ಮತ್ತು ಅದರ ಸಂವೇದಕ ಕೆಟ್ಟರೆ ಗೇರು ಏರದೆ ಉಳಿಯುತ್ತದೆ ಅಥವಾ ಗಾಡಿ ತಪ್ಪು ಗೇರಿನಲ್ಲಿ ಹೊರಡುತ್ತದೆ, ಎರಡೂ ಭಾಗಗಳು ತಳದ ಆಯಿಲ್ ಪ್ಯಾನನ್ನು ಇಳಿಸಿದರೆ ಕೈಗೆ ಎಟಕುವಲ್ಲಿವೆ.

ದೋಷಸಂಕೇತಗಳನ್ನು, ಅಂದರೆ ಕಂಪ್ಯೂಟರು ದಾಖಲಿಸುವ ಕೋಡುಗಳನ್ನು, ಓದುವ ಬಗೆಯಲ್ಲೂ ಈ ಅಭಿಪ್ರಾಯ ಎಡವುತ್ತದೆ. ಪಿ1870 ಎಂಬ ಸಂಕೇತಕ್ಕೆ 4ಎಲ್60ಇಯ ಸಂದರ್ಭದಲ್ಲಿ ಗೇರ್‌ಬಾಕ್ಸಿನ ಒಳಭಾಗ ಜಾರುತ್ತಿದೆ ಎಂಬ ಅರ್ಥವಿದೆ. ಅಷ್ಟು ಕೇಳಿದ ಕೂಡಲೇ ಬಹುಮಂದಿ ಹೊಸ ಗೇರ್‌ಬಾಕ್ಸಿನ ಬೆಲೆ ವಿಚಾರಿಸುತ್ತಾರೆ. ಆದರೆ ಹೆಚ್ಚಿನ ಪ್ರಕರಣಗಳಲ್ಲಿ ನಡೆದಿರುವುದು ಬೇರೆ. ಹೆದ್ದಾರಿಯ ಓಟದಲ್ಲಿ ಟಾರ್ಕ್ ಕನ್ವರ್ಟರಿನ ಒಳಗಿನ ಲಾಕ್-ಅಪ್ ಕ್ಲಚ್ಚು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುತ್ತದೆ. ಅದರ ಒತ್ತಡವನ್ನು ನಿಯಂತ್ರಿಸುವ ವಾಲ್ವು ಎಡೆಬಿಡದೆ ಮಿಡಿಯುತ್ತ ಅಲ್ಯೂಮಿನಿಯಮ್ ವಾಲ್ವ್ ಬಾಡಿಯಲ್ಲಿರುವ ತನ್ನ ರಂಧ್ರವನ್ನೇ ಸವೆಸುತ್ತದೆ, ಎಣ್ಣೆ ಆ ಸವೆದ ಸಂದಿಯಲ್ಲಿ ಪೋಲಾಗುತ್ತದೆ, ಲಾಕ್-ಅಪ್ ಕ್ಲಚ್ಚು ಜಾರುತ್ತದೆ. ಜಾರುವಿಕೆಯನ್ನು ಗಮನಿಸಿದ ಕಂಪ್ಯೂಟರು ರಕ್ಷಣೆಗಾಗಿ ಒತ್ತಡವನ್ನು ಏರಿಸುವುದರಿಂದ ಬಿಸಿಯಾದ ಗಾಡಿಯಲ್ಲಿ ಮೊದಲನೆಯದರಿಂದ ಎರಡನೆಯ ಗೇರಿಗೆ ಹೋಗುವಾಗ ಬಲವಾದ ಹೊಡೆತ ಬೀಳುತ್ತದೆ. ಆ ರಂಧ್ರವನ್ನು ರೀಮರಿನಿಂದ ಅಗಲಿಸಿ, ಅದಕ್ಕೊಪ್ಪುವ ದಪ್ಪದ ವಾಲ್ವನ್ನು ಕೂರಿಸಿದರೆ ಮೂಲದೋಷ ನಿವಾರಣೆಯಾಗುತ್ತದೆ. ಈ ಕೆಲಸಕ್ಕೆ ಗೇರ್‌ಬಾಕ್ಸನ್ನು ಗಾಡಿಯಿಂದ ಇಳಿಸಬೇಕಾಗಿಯೂ ಇಲ್ಲ, ವಾಲ್ವ್ ಬಾಡಿಯನ್ನು ಕೆಳಗಿನಿಂದಲೇ ತೆಗೆಯಬಹುದು. ಸಂಕೇತವು ಎಲ್ಲಿಂದ ತನಿಖೆ ಆರಂಭಿಸಬೇಕೆಂದು ಹೇಳುತ್ತದೆ. ಅದನ್ನೇ ಅಂತಿಮ ತೀರ್ಪೆಂದು ಭಾವಿಸಿದರೆ ತಪ್ಪು ಓದಿದವನದು.

ಟ್ರಾನ್ಸ್‌ಫರ್ ಕೇಸಿನ ಕಥೆ ಇದಕ್ಕಿಂತ ಸರಳ, ಆದ್ದರಿಂದ ಅಲ್ಲಿನ ತಪ್ಪಿಗೆ ಕ್ಷಮೆಯೂ ಕಡಿಮೆ. ಹಳೆಯ ಎನ್‌ಪಿ205ರಂಥವು ಎರಕದ ಕಬ್ಬಿಣದ ಪೆಟ್ಟಿಗೆಯೊಳಗೆ ಗೇರಿನಿಂದ ಗೇರಿಗೆ ಶಕ್ತಿ ದಾಟಿಸುತ್ತಿದ್ದವು. ನಂತರ ಬಂದವುಗಳಲ್ಲಿ ಹೆಚ್ಚಿನವು ಹಗುರ ಲೋಹದ ಹೊದಿಕೆಯೊಳಗೆ ಅಗಲವಾದ ಚೈನಿನ ಮೂಲಕ ಮುಂದಿನ ಶಾಫ್ಟನ್ನು ತಿರುಗಿಸುತ್ತವೆ. 1990ರ ದಶಕದ ಕೊನೆಯಿಂದ ಜನರಲ್ ಮೋಟರ್ಸ್ ಟ್ರಕ್ಕುಗಳಲ್ಲಿ ಬಂದ ಎನ್‌ವಿ246 ಮತ್ತು ಅದರ ಸೋದರ ಮಾದರಿಗಳಲ್ಲಿ ಒಳಗಿನ ಎಣ್ಣೆಯ ಪಂಪು ಸಣ್ಣಗೆ ಅಲುಗಾಡುತ್ತ ಮೆಗ್ನೀಸಿಯಮ್ ಹೊದಿಕೆಯ ಹಿಂಭಾಗವನ್ನು ಉಜ್ಜಿ ಉಜ್ಜಿ, ಕೊನೆಗೆ ಸೂಜಿಮೊನೆಯಷ್ಟು ರಂಧ್ರ ಕೊರೆಯುವುದು ಕಸುಬಿನವರಿಗೆ ಚೆನ್ನಾಗಿ ತಿಳಿದ ದೋಷ. ರಂಧ್ರ ಎಣ್ಣೆಯ ಮಟ್ಟಕ್ಕಿಂತ ಮೇಲಿರುವುದರಿಂದ ನಿಂತ ಗಾಡಿಯ ಕೆಳಗೆ ಕಲೆಯೇ ಕಾಣುವುದಿಲ್ಲ. ಓಡುವಾಗ ಮಾತ್ರ ಎಣ್ಣೆ ಚಿಮ್ಮಿ ಹೊರಹೋಗುತ್ತದೆ. ಕೊನೆಗೊಂದು ದಿನ ಚೈನೂ ಬೇರಿಂಗುಗಳೂ ಒಣಗಿ ಕೂಗುತ್ತವೆ. ಹಿಂಭಾಗದ ಹೊದಿಕೆಯ ಮೇಲೆ ಹರಡಿದ ಎಣ್ಣೆಯ ತೆಳು ಪದರವನ್ನು ಸಕಾಲದಲ್ಲಿ ಗಮನಿಸಿದ್ದರೆ ಆ ಅರ್ಧ ಹೊದಿಕೆ ಮತ್ತು ಪಂಪಿನ ಉಜ್ಜುವಿಕೆಯನ್ನು ತಡೆಯುವ ಸುಧಾರಿತ ಭಾಗ ಸಾಕಾಗುತ್ತಿತ್ತು. ಬದಲಿಗೆ ಗುಜರಿಯಿಂದ ತಂದ ಅದೇ ಮಾದರಿಯ ಇನ್ನೊಂದು ಕೇಸನ್ನು ಬಿಚ್ಚಿ ನೋಡದೆ ಏರಿಸಿದರೆ, ಅದರೊಳಗೂ ಅದೇ ಪಂಪು ಅದೇ ಜಾಗವನ್ನು ಉಜ್ಜುತ್ತಿರುತ್ತದೆ.

ಇದೇ ಎನ್‌ವಿ246ರಲ್ಲಿ ಅಗತ್ಯ ಬಿದ್ದಾಗ ತಾನಾಗಿ ಮುಂದಿನ ಚಕ್ರಗಳಿಗೆ ಶಕ್ತಿ ಕಳಿಸುವ ಒಂದು ಕ್ಲಚ್ಚಿದೆ. ಮುಂದಿನ ಮತ್ತು ಹಿಂದಿನ ಟೈರುಗಳ ಸುತ್ತಳತೆ ಬೇರೆಬೇರೆಯಾಗಿದ್ದರೆ, ಉದಾಹರಣೆಗೆ ಎರಡು ಹೊಸ ಟೈರು ಹಾಕಿ ಎರಡು ಸವೆದವನ್ನು ಉಳಿಸಿಕೊಂಡಿದ್ದರೆ, ನೇರ ರಸ್ತೆಯಲ್ಲೂ ಎರಡು ಶಾಫ್ಟುಗಳ ವೇಗ ಹೊಂದದೆ ಆ ಕ್ಲಚ್ಚು ದಣಿಯುತ್ತದೆ. ಬೇಕೆಂದಾಗ ಮಾತ್ರ ತೊಡಗಿಸುವ ಸರಳ ಟ್ರಾನ್ಸ್‌ಫರ್ ಕೇಸುಗಳಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಳ್ಳುವುದರಿಂದ, ಒಣ ಡಾಂಬರು ರಸ್ತೆಯ ತಿರುವಿನಲ್ಲಿ ಒತ್ತಡ ಕಟ್ಟಿಕೊಂಡು ಲಿವರು ಹಿಂದಕ್ಕೆ ಬರಲು ಒಪ್ಪುವುದಿಲ್ಲ. ಅದು ಬಳಕೆಯ ತಪ್ಪು, ಕೇಸಿನ ತಪ್ಪಲ್ಲ. ಸಿ0327 ಎಂಬ ಸಂಕೇತದೊಡನೆ ನಾಲ್ಕು ಚಕ್ರ ಚಾಲನೆಯನ್ನು ಪರೀಕ್ಷಿಸಿರೆಂಬ ಸೂಚನೆ ಬೆಳಗಿದಾಗ, ಸಾಮಾನ್ಯವಾಗಿ ಕೆಟ್ಟಿರುವುದು ಕೇಸಿನ ಹೊರಗೆ ಕೂತ ಎನ್‌ಕೋಡರ್ ಮೋಟರಿನ ಸ್ಥಾನಸೂಚಕ ಸಂವೇದಕ ಅಥವಾ ಅದರ ವೈರಿಂಗು. ಟೈರು ಅಳೆಯದೆ, ವೈರು ನೋಡದೆ, ಎಣ್ಣೆ ಪರೀಕ್ಷಿಸದೆ ಕೇಸನ್ನೇ ಬದಲಿಸುವವರಿಗೆ ಈ ಯಾವ ಕಾರಣವೂ ಎಂದಿಗೂ ಎದುರಾಗುವುದಿಲ್ಲ.

ಬದಲಾವಣೆಯನ್ನು ಖಂಡಿಸಿದ ಮಾತ್ರಕ್ಕೆ ಬಿಚ್ಚಿ ಕಟ್ಟುವ ಎಲ್ಲ ಕೆಲಸವೂ ಸರಿಯೆಂದಾಗುವುದಿಲ್ಲ. ಪ್ಲೇಟು, ಸೀಲು, ಗ್ಯಾಸ್ಕೆಟ್ಟುಗಳ ಕಿಟ್ಟನ್ನು ತಂದು, ಹಳೆಯದನ್ನು ತೆಗೆದು ಹೊಸದನ್ನು ತುಂಬಿ ಮುಚ್ಚುವುದನ್ನೇ ಪುನರ್ನಿರ್ಮಾಣವೆಂದು ಕರೆಯುವ ರೂಢಿಯೂ ಅದೇ ತಪ್ಪಿನ ಇನ್ನೊಂದು ಮುಖ. 4ಎಲ್60ಇಯ ತ್ರೀ-ಫೋರ್ ಕ್ಲಚ್ಚು ಸುಟ್ಟಿದ್ದರೆ, ಅದಕ್ಕೆ ಎಣ್ಣೆ ಹೋಗುವ ದಾರಿಯಲ್ಲಿರುವ ಚೆಕ್ ಬಾಲ್ ಎಂಬ ಪುಟ್ಟ ಗುಂಡಿನ ಗೂಡು ಸೋರುತ್ತಿದೆಯೇ, ಇನ್‌ಪುಟ್ ಶಾಫ್ಟಿನ ಸೀಲಿಂಗ್ ರಿಂಗುಗಳು ಗಡುಸಾಗಿವೆಯೇ, ಪಿಸ್ಟನ್ನಿನ ರಬ್ಬರು ಬಿರಿದಿದೆಯೇ ಎಂದು ನೋಡದೆ ಹೊಸ ಪ್ಲೇಟು ಹಾಕಿದರೆ ಅವೂ ಸುಡುತ್ತವೆ. ಹೊಣೆಯರಿತ ಕಸುಬುದಾರ ಪ್ರತಿ ಕ್ಲಚ್ ಕಟ್ಟನ್ನು ಜೋಡಿಸಿದ ಮೇಲೆ ಫೀಲರ್ ಗೇಜಿನಿಂದ ಪ್ಲೇಟುಗಳ ಒಟ್ಟು ಸಡಿಲನ್ನು ಅಳೆಯುತ್ತಾನೆ. ಡಯಲ್ ಗೇಜಿನಿಂದ ಶಾಫ್ಟಿನ ಮುಂದೆ-ಹಿಂದಿನ ಆಟವನ್ನು ನೋಡುತ್ತಾನೆ. ಎಣ್ಣೆಯ ದಾರಿಗೆ ತಗ್ಗಿಸಿದ ಒತ್ತಡದ ಗಾಳಿಯನ್ನು ಬಿಟ್ಟು, ಪಿಸ್ಟನ್ನು ಗಟ್ಟಿಯಾಗಿ ಟಕ್ಕೆಂದು ಕೂರುವುದೋ, ಇಲ್ಲವೆ ಗಾಳಿ ಬುಸ್ಸೆಂದು ಸೋರಿಹೋಗುವುದೋ ಎಂದು ಕಿವಿಗೊಡುತ್ತಾನೆ. ಆ ಸದ್ದಿನ ವ್ಯತ್ಯಾಸವೇ ಗೇರ್‌ಬಾಕ್ಸು ಗಾಡಿಗೆ ಏರುವ ಮೊದಲು ಸಿಗುವ ಕೊನೆಯ ಸಾಕ್ಷ್ಯ. ಅಳತೆಯಿಲ್ಲದ ಪುನರ್ನಿರ್ಮಾಣಕ್ಕೂ ನೋಡದೆ ಮಾಡಿದ ಬದಲಾವಣೆಗೂ ನಡುವೆ ಹಣದ ಲೆಕ್ಕದಲ್ಲಿ ಅಂತರವಿರಬಹುದು, ವಿವೇಕದ ಲೆಕ್ಕದಲ್ಲಿ ಇಲ್ಲ.

ಇನ್ನು ವಾರಂಟಿಯ ಮಾತು. ಪುನರ್ನಿರ್ಮಿತ ಘಟಕಗಳನ್ನು ಮಾರುವವರು ಸಾಮಾನ್ಯವಾಗಿ ಕೂಲರನ್ನು ತೊಳೆದಿರಬೇಕು ಅಥವಾ ಬದಲಿಸಿರಬೇಕು ಎಂಬ ಷರತ್ತು ಹಾಕುತ್ತಾರೆ. ಕಾರಣ ಪೆಟ್ಟಿಗೆಯ ಹೊರಗೂ ಇರಬಲ್ಲದೆಂದು ಬದಲಾವಣೆಯ ವ್ಯಾಪಾರವೇ ಇದರ ಮೂಲಕ ಒಪ್ಪಿಕೊಂಡಂತಾಯಿತು. ವಾರಂಟಿ ಎರಡನೆಯ ಗೇರ್‌ಬಾಕ್ಸನ್ನು ಕೊಡಬಹುದು, ಕಾರಣವನ್ನು ಹುಡುಕಿಕೊಡುವುದಿಲ್ಲ. ಸಮಯದ ಲೆಕ್ಕವೂ ಹೀಗೆಯೇ: ಎಣ್ಣೆಯ ಮಟ್ಟ, ಬಣ್ಣ, ವಾಸನೆ ನೋಡುವುದಕ್ಕೆ, ಸಂಕೇತ ಓದುವುದಕ್ಕೆ, ಗೇಜು ಜೋಡಿಸಿ ಒತ್ತಡ ಅಳೆಯುವುದಕ್ಕೆ, ರಸ್ತೆಯಲ್ಲಿ ಒಂದೊಂದೇ ಗೇರನ್ನು ಪರೀಕ್ಷಿಸುವುದಕ್ಕೆ ಬೇಕಾಗುವ ಹೊತ್ತು, ಇಡೀ ಪೆಟ್ಟಿಗೆಯನ್ನು ಇಳಿಸಿ ಏರಿಸುವ ಹೊತ್ತಿಗಿಂತ ಕಡಿಮೆ. ಕಸುಬು ಬಲ್ಲವರಿಲ್ಲ ಎಂಬ ಕೊರಗಿಗೂ ಬುಡವಿಲ್ಲ. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳೊಡನೆ ಹೈಡ್ರಾ-ಮ್ಯಾಟಿಕ್ ಬಂದಂದಿನಿಂದ ಈ ಯಂತ್ರವನ್ನು ಬಿಚ್ಚಿ ಕಟ್ಟುವವರು ಇದ್ದಾರೆ. ಅಮೆರಿಕದಲ್ಲಿ 1954ರಲ್ಲೇ ಅವರ ವೃತ್ತಿಸಂಘ ಹುಟ್ಟಿಕೊಂಡಿತು. ಕಸುಬುದಾರರು ವಿರಳವಾಗುತ್ತಿದ್ದರೆ ಅದು ಬದಲಾವಣೆಯ ರೂಢಿಗೆ ಸಮರ್ಥನೆಯಾಗದು, ಏಕೆಂದರೆ ಅದು ಆ ರೂಢಿಯೇ ತಂದಿಟ್ಟ ಫಲ: ಹುಡುಕುವ ಕೆಲಸಕ್ಕೆ ಹಣ ಕೊಡದ ಸಮಾಜದಲ್ಲಿ ಹುಡುಕುವವರು ಉಳಿಯುವುದಿಲ್ಲ.

ಪೂರ್ತಿ ಬದಲಾವಣೆ ನ್ಯಾಯವಾಗುವ ಸಂದರ್ಭಗಳಿವೆ ಎಂಬುದನ್ನು ಒಪ್ಪಬೇಕು. ಹೊದಿಕೆ ಬಿರಿದಿದ್ದರೆ, ಪ್ಲಾನೆಟರಿ ಗೇರು ಪುಡಿಯಾಗಿ ಲೋಹದ ಚೂರು ಪಂಪಿನಿಂದ ವಾಲ್ವ್ ಬಾಡಿಯವರೆಗೆ ಎಲ್ಲ ದಾರಿಗಳನ್ನೂ ಹಾಳುಮಾಡಿದ್ದರೆ, ದುಡಿಮೆಯ ಗಾಡಿ ಒಂದು ದಿನವೂ ನಿಲ್ಲುವಂತಿಲ್ಲದಿದ್ದರೆ, ಪುನರ್ನಿರ್ಮಿತ ಘಟಕವೇ ಸರಿಯಾದ ಉತ್ತರವಾಗಬಹುದು. ಆದರೆ ಅದು ತನಿಖೆಯ ಕೊನೆಯಲ್ಲಿ ತಲಪುವ ನಿರ್ಧಾರವಾಗಿರಬೇಕು. ತನಿಖೆಯನ್ನು ತಪ್ಪಿಸಿಕೊಳ್ಳುವ ಉಪಾಯವಾಗಬಾರದು.

ಈ ಚರ್ಚೆ ಕರ್ನಾಟಕಕ್ಕೆ ದೂರದ ಮಾತಾಗಿ ಉಳಿದಿಲ್ಲ. 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟೊಯೊಟಾ ಹೈಲಕ್ಸ್ ಬಿಡದಿಯಲ್ಲಿ ಸಿದ್ಧವಾಗುತ್ತದೆ. ಆರು ಗೇರುಗಳ ಆಟೊಮ್ಯಾಟಿಕ್ ಪೆಟ್ಟಿಗೆಯೂ ಬೇಕೆಂದಾಗ ತೊಡಗುವ ನಾಲ್ಕು ಚಕ್ರ ಚಾಲನೆಯೂ ಅದರಲ್ಲಿ ದೊರೆಯುತ್ತವೆ. ಲಾರಿಯ ಗೇರ್‌ಬಾಕ್ಸನ್ನು ಬಿಚ್ಚಿ, ಯಾವ ಬೇರಿಂಗು ಕೂಗುತ್ತಿದೆ, ಯಾವ ಹಲ್ಲು ಸವೆದಿದೆ ಎಂದು ಹುಡುಕಿ ಅದನ್ನಷ್ಟೇ ಸರಿಪಡಿಸುವ ಕಸುಬು ಇಲ್ಲಿನ ಗ್ಯಾರೇಜುಗಳಲ್ಲಿ ಇನ್ನೂ ಜೀವಂತವಾಗಿದೆ. ಆಟೊಮ್ಯಾಟಿಕ್ ಬಂದ ತಕ್ಷಣ ಆ ವಿವೇಕವನ್ನು ಬದಿಗಿಟ್ಟು, ಮುಚ್ಚಿದ ಪೆಟ್ಟಿಗೆಯನ್ನು ಮುಚ್ಚಿಯೇ ಬದಲಿಸುವ ರೂಢಿಗೆ ಶರಣಾದರೆ ಕಳೆದುಹೋಗುವುದು ಮಾಲೀಕನ ಹಣ ಮಾತ್ರವಲ್ಲ, ತಲೆಮಾರುಗಳಿಂದ ಕೈಯಿಂದ ಕೈಗೆ ದಾಟಿಬಂದ ಜ್ಞಾನವೂ ಹೌದು. ಆದ್ದರಿಂದ ಅಮೆರಿಕದಲ್ಲಾಗಲಿ ಇಲ್ಲಾಗಲಿ ಗಾಡಿಯ ಮಾಲೀಕ ಕೇಳಬೇಕಾದ ಮೊದಲ ಪ್ರಶ್ನೆ ಹೊಸ ಗೇರ್‌ಬಾಕ್ಸಿನ ಬೆಲೆ ಎಷ್ಟೆಂಬುದಲ್ಲ, ಹಳೆಯದು ಏಕೆ ಕೆಟ್ಟಿತೆಂಬುದು. ಆ ಪ್ರಶ್ನೆಗೆ ಅಳತೆಗಳೊಡನೆ ಉತ್ತರ ಕೊಡಲಾಗದ ವರ್ಕ್‌ಶಾಪಿಗೆ ಗೇರ್‌ಬಾಕ್ಸನ್ನು ಬದಲಿಸುವ ಅಧಿಕಾರವನ್ನೂ ಕೊಡಬಾರದು.